ರಾಜಾ ರಾಮಣ್ಣನವರೂ ಕೈಗಾದ ಪ್ರಶ್ನೆಯೂ

ಬೀದರ್ ಜಿಲ್ಲೆಯ ಜನವಾಡದ ವಿದ್ಯಾರ್ಥಿಯಿರಲಿ, ಕಾರವಾರದ ವಿದ್ಯಾರ್ಥಿಯಿರಲಿ, ಡಾ. ರಾಜಾ ರಾಮಣ್ಣನವರನ್ನು ಅರಿಯುವುದು ಹೆಚ್ಚಾಗಿ ಒಂದೇ ವಾಕ್ಯದಲ್ಲಿ: 1974ರ ಮೇ 18ರ ಪೋಖ್ರಾನ್ ಅಣುಸ್ಫೋಟದ ರೂವಾರಿ. ಕಾಳಿ ಕಣಿವೆಯ ಹಳ್ಳಿಗರಿಗೆ ಆ ಒಂದು ವಾಕ್ಯ ಸಾಲದು.

ಅವರ ವಿದ್ವತ್ತು ನಿರ್ವಿವಾದ. 1925ರಲ್ಲಿ ತುಮಕೂರು ಸೀಮೆಯಲ್ಲಿ ಜನಿಸಿದ ರಾಮಣ್ಣನವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಪರಮಾಣು ವಿದಳನವನ್ನು ಆಳವಾಗಿ ಅಭ್ಯಸಿಸಿದರು. ಪಿಯಾನೋ ವಾದನದಲ್ಲಿಯೂ ನಿಪುಣರಾಗಿದ್ದರು. ಆದರೆ ವಿಜ್ಞಾನಿಯ ಪಾಂಡಿತ್ಯ ಬೇರೆ, ಅಧಿಕಾರದ ಲೆಕ್ಕ ಬೇರೆ. ಪಾಂಡಿತ್ಯಕ್ಕೆ ನಮಸ್ಕಾರ ಸಲ್ಲಬೇಕು. ಅಧಿಕಾರವು ಲೆಕ್ಕ ಒಪ್ಪಿಸಬೇಕು.

1983ರಿಂದ 1987ರವರೆಗೆ ಅವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. 2000ದ ವೇಳೆಗೆ 10,000 ಮೆಗಾವಾಟ್ ಅಣುವಿದ್ಯುತ್ತೆಂಬ ಗುರಿ ಆ ಕಾಲದ್ದು. ಆ ವರ್ಷ ಮುಗಿದಾಗ ದೇಶದಲ್ಲಿದ್ದ ಸಾಮರ್ಥ್ಯ 3,000 ಮೆಗಾವಾಟನ್ನೂ ಮುಟ್ಟಿರಲಿಲ್ಲ. ಪೋಖ್ರಾನಿನ ಬಳಿಕ ಕೆನಡಾ ತನ್ನ ಸಹಕಾರವನ್ನು ನಿಲ್ಲಿಸಿದ್ದೂ ಹಿನ್ನಡೆಗೆ ಒಂದು ಕಾರಣ. ಬಾಂಬಿನ ಬೆಲೆಯನ್ನು ವಿದ್ಯುತ್ತು ತೆತ್ತಿತು! ಸುರಕ್ಷತೆಯನ್ನು ನೋಡಿಕೊಳ್ಳಲು 1983ರಲ್ಲಿ ರಚಿತವಾದ ನಿಯಂತ್ರಣ ಮಂಡಳಿಯು ಅದೇ ಆಯೋಗಕ್ಕೆ ವರದಿ ಒಪ್ಪಿಸಬೇಕಾಗಿತ್ತು. ಪರೀಕ್ಷೆ ಬರೆಯುವವನ ಕೈಕೆಳಗೇ ಮೌಲ್ಯಮಾಪಕನನ್ನು ಕೂರಿಸಿದಂತೆ.

ಕೈಗಾ ಯೋಜನೆ ರೂಪುಗೊಂಡದ್ದು ಇಂತಹ ವ್ಯವಸ್ಥೆಯಲ್ಲಿ. ಅದನ್ನು ಪ್ರಶ್ನಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೆ ನಿಂತರು, ಸೋತರು. 1994ರ ಮೇ 13ರಂದು, ನಿರ್ಮಾಣದ ಹಂತದಲ್ಲಿಯೇ, ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತು. ಆಗ ಇಂಧನ ತುಂಬಿರಲಿಲ್ಲವೆಂಬುದು ಕಣಿವೆಯ ಪುಣ್ಯ. 2009ರಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನಲ್ಲಿ ಟ್ರೀಷಿಯಂ ಬೆರೆತು ಹತ್ತಾರು ನೌಕರರ ದೇಹವನ್ನು ಸೇರಿತು.

ಅದೇ ಮೊದಲ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನ ನಿರಂತರವಾಗಿ ನಡೆದು ವಿಶ್ವದಾಖಲೆ ಮಾಡಿತೆಂದು ಸಮರ್ಥಕರು ಹೇಳುತ್ತಾರೆ. ಅದು ನಿಜ. ಆದರೆ ಯಂತ್ರ ನಿಲ್ಲದೆ ಓಡಿತೆಂಬುದು ಹೊಲದ ಮಣ್ಣಿಗೆ, ಕದ್ರಾ ಜಲಾಶಯದ ಮೀನಿಗೆ, ಮನೆಯ ಬಾವಿಗೆ ಸಂಬಂಧಿಸಿದ ಪ್ರಶ್ನೆಗೆ ಉತ್ತರವಾಗದು.

ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ 2019ರಲ್ಲಿ ಪರಿಸರ ಅನುಮತಿ ದೊರೆತಿದೆ. ನೀರು, ಮಣ್ಣು, ಭತ್ತ, ಮೀನುಗಳ ವಿಕಿರಣ ಅಳತೆಗಳು ಪ್ರತಿ ತಿಂಗಳು ಕನ್ನಡದಲ್ಲಿ ಗ್ರಾಮಪಂಚಾಯಿತಿಯ ಫಲಕವನ್ನೇರಲಿ. ಗ್ರಾಮಸಭೆಯಲ್ಲಿ ಇದನ್ನು ಕೇಳುವುದು ವಿಜ್ಞಾನದ್ರೋಹವಲ್ಲ. ಅಳೆದು ನೋಡದೆ ನಂಬಬೇಡವೆಂಬುದು ರಾಮಣ್ಣನವರು ಕಲಿತ ವಿದ್ಯೆಯ ಮೊದಲ ಪಾಠ.