ಕೆರೆ ಕಾಣುವ ಮನೆ ಯಾರಿಗೆ?

ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ನಿವೃತ್ತರಿಗಾಗಿ ಒಂದು ಕನ್ನಡ ಬೀದಿ ಬೇಕೆಂದು ಬರೆದ ಲೇಖನವನ್ನು ಎರಡು ಸಲ ಓದಿದೆ. ಮೊದಲನೆಯ ಸಲ ಸಂತೋಷವಾಯಿತು. ಎರಡನೆಯ ಸಲ ಸಿಟ್ಟು ಬಂತು. ಸಿಟ್ಟು ಇಳಿಯಲೆಂದು ಒಂದು ವಾರ ಕಾದೆ, ಇಳಿಯಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಓದದವರಿಗಾಗಿ ಆ ಲೇಖನದ ಸಾರಾಂಶ ಇಷ್ಟು: ದಕ್ಷಿಣದ ಒಂದು ನಗರದ ಹೊರಗೆ ಹಿರಿಯ ನಾಗರಿಕರಿಗೆಂದೇ ದೊಡ್ಡ ವಸಾಹತೊಂದು ಏಳುತ್ತಿದೆ. ಅಲ್ಲಿ ನಮ್ಮವರು ನಲವತ್ತು ಮಂದಿ ಕೂಡಿ ಒಂದು ಇಡೀ ಓಣಿಯನ್ನೇ ಹಿಡಿಯಬೇಕು. ಒಟ್ಟಾಗಿ ಕೊಂಡರೆ ದರದಲ್ಲಿ ರಿಯಾಯಿತಿ. ಕೆರೆಯ ಕಡೆಯ ಕೊನೆಯ ಓಣಿ ಇನ್ನೂ ಖಾಲಿ ಇದೆ. ಗದ್ದಲವಿಲ್ಲ, ಗಾಳಿ ಬೆಳಕು ಯಥೇಚ್ಛ, ಬಾಗಿಲೆಲ್ಲ ಪೂರ್ವಕ್ಕೆ. ನವೆಂಬರ್ ಬಂತೆಂದರೆ ಓಣಿಯುದ್ದಕ್ಕೂ ಬಾವುಟ ಕಟ್ಟಬಹುದು. ಲೇಖನದ ಜೊತೆಗೆ ವಸಾಹತಿನ ನಕ್ಷೆಯನ್ನೂ ಅಚ್ಚು ಹಾಕಿದ್ದಾರೆ. ಅದನ್ನು ಅಚ್ಚು ಹಾಕಿದವರು ನೋಡಿದ್ದಾರೆಯೆ ಎಂಬುದೇ ನನ್ನ ಸಂದೇಹ. ಊಟದ ಮನೆ, ದವಾಖಾನೆ, ಹೆಬ್ಬಾಗಿಲು ಮೂರೂ ನಕ್ಷೆಯ ಒಂದು ತುದಿಗೆ. ನಮ್ಮ ಕನ್ನಡ ಬೀದಿ ಇನ್ನೊಂದು ತುದಿಗೆ!

ನಾನು ಮೂವತ್ತೊಂದು ವರ್ಷ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದವಳು. ಡೊಂಬಿವಲಿಯಿಂದ ದಿನವೂ ಲೋಕಲ್ ಗಾಡಿಯಲ್ಲಿ ಓಡಾಡಿದವಳು. ನಮ್ಮಲ್ಲಿ ಯಾರಾದರೂ ಮನೆ ಕೊಂಡರೆಂದು ಕೇಳಿದರೆ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ ಯಾವುದು, ನೆನಪಿದೆಯೆ? "ಸ್ಟೇಶನ್ನಿನಿಂದ ಎಷ್ಟು ನಿಮಿಷ?" ಕಿಟಕಿಯಿಂದ ಏನು ಕಾಣುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ; ಕಾಣುತ್ತಿದ್ದುದು ಎದುರಿನ ಕಟ್ಟಡದವರು ಒಣಗಲು ಹಾಕಿದ ಬಟ್ಟೆ. ಮೂವತ್ತನೆಯ ವಯಸ್ಸಿನಲ್ಲಿ, ಕಾಲಿನಲ್ಲಿ ಕಸುವಿದ್ದಾಗ, ಹತ್ತು ನಿಮಿಷದ ನಡಿಗೆಯನ್ನು ಲೆಕ್ಕ ಹಾಕಿದ ಜನ ನಾವು. ಅರುವತ್ತೈದು ದಾಟಿದ ಮೇಲೆ, ಮೊಣಕಾಲು ಹಿಡಿದುಕೊಂಡ ಮೇಲೆ, ಆ ಲೆಕ್ಕವನ್ನು ಮರೆತು ಕೆರೆ ನೋಡುತ್ತೇವೆಂದರೆ ಇದಕ್ಕೆ ಏನೆನ್ನಬೇಕು?

ನನ್ನ ಅಕ್ಕನ ಕತೆ ಹೇಳುತ್ತೇನೆ. ಊರಿನ ಹೆಸರು, ಕಂಪನಿಯ ಹೆಸರು ಬೇಡ. ಭಾವನವರು ಬ್ಯಾಂಕಿನಲ್ಲಿ ಅಧಿಕಾರಿಗಳಾಗಿದ್ದರು, ಅಚ್ಚುಕಟ್ಟಿನ ಮನುಷ್ಯ. ನಿವೃತ್ತರಾದ ಮೇಲೆ ಮುಲುಂಡಿನ ಮನೆ ಮಾರಿ ಇಂಥದೇ ಒಂದು ವಸಾಹತಿನಲ್ಲಿ ಕೊನೆಯ ಓಣಿಯ ಕೊನೆಯ ಮನೆ ಹಿಡಿದರು. ಮುಂದೆ ಕೆರೆ, ಹಿಂದೆ ತೆಂಗಿನ ತೋಟ. ಕೆರೆ ಕಾಣುತ್ತದೆಂದು ಚದರ ಅಡಿಗೆ ಹೆಚ್ಚಿನ ದರವನ್ನೂ ಕೊಟ್ಟರು. ದೂರಕ್ಕೆ ಹೋಗಲು ಹೆಚ್ಚು ಹಣ ಕೊಟ್ಟಂತಾಯಿತು ಎಂದು ಆಗಲೇ ತಮಾಷೆ ಮಾಡಿದ್ದೆ, ಭಾವ ನಕ್ಕರು. ಮೊದಲ ಆರು ವರ್ಷ ಎಲ್ಲವೂ ಚೆನ್ನಾಗಿತ್ತು. ಭಾವನವರಲ್ಲಿ ಕಾರಿತ್ತು. ಊಟದ ಮನೆಗೆ, ದೇವಸ್ಥಾನಕ್ಕೆ, ಪೇಟೆಗೆ, ಎಲ್ಲಿಗೆ ಬೇಕಾದರೂ ಕಾರು. ಅಕ್ಕ ಪಕ್ಕದ ಸೀಟಿನಲ್ಲಿ ಕೂತುಕೊಳ್ಳುತ್ತಿದ್ದಳು. ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ನಮ್ಮ ಕಾಲದ ಎಷ್ಟು ಹೆಂಗಸರಿಗೆ ಬರುತ್ತದೆ?

ಏಳನೆಯ ವರ್ಷ ಭಾವ ಹೋದರು. ಹದಿನೈದು ದಿನ ಕಳೆದ ಮೇಲೆ ಮಕ್ಕಳು ತಮ್ಮ ತಮ್ಮ ಊರಿಗೆ ಹೊರಟರು. ಕಾರನ್ನು ಮಾರಿದರು. ನಾನು ಒಂದು ತಿಂಗಳು ಅಕ್ಕನ ಜೊತೆಗಿದ್ದೆ. ಶಾಲೆಯ ಬುದ್ಧಿ ಬಿಡಲಿಲ್ಲ. ಮನೆಯ ಮೆಟ್ಟಿಲಿನಿಂದ ಊಟದ ಮನೆಯ ಮೆಟ್ಟಿಲಿನವರೆಗೆ ಹೆಜ್ಜೆ ಎಣಿಸಿದೆ: 1,340. ನನಗೆ ಹನ್ನೆರಡು ನಿಮಿಷ. ಅಕ್ಕನಿಗೆ, ನಡುವೆ ಎರಡು ಕಡೆ ಕೂತು ದಣಿವಾರಿಸಿಕೊಂಡು, ಅರ್ಧ ಗಂಟೆ. ಕೂರಲು ಬೆಂಚಿದ್ದುದು ಒಂದು ಕಡೆ ಮಾತ್ರ. ಇನ್ನೊಂದು ಕಡೆ ಯಾರದೋ ಮನೆಯ ಗೇಟಿನ ಕಟ್ಟೆ. ಬ್ಯಾಟರಿ ಗಾಡಿ ಇಲ್ಲವೆ ಎಂದು ನೀವು ಕೇಳುತ್ತೀರಿ. ಇದೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ. ಹೆಬ್ಬಾಗಿಲಿನ ಕಡೆಯ ಓಣಿಗಳಲ್ಲಿ ತುಂಬಿ, ಕೊನೆಯ ಓಣಿಗೆ ಬರುವಾಗ ಸೀಟಿಲ್ಲ. ಮಳೆ ಬಂದರೆ ಗಾಡಿಯೇ ಇಲ್ಲ. ರಾತ್ರಿ ಎಂಟರ ಮೇಲೆ ಚಾಲಕ ಇಲ್ಲ. ಊಟದ ಡಬ್ಬಿಯನ್ನು ಮನೆಗೇ ಕಳಿಸುತ್ತೇವೆ ಎಂದರು, ಕಳಿಸಿದರು ಕೂಡ. ಆ ಡಬ್ಬಿಯೇ ಅಕ್ಕನಿಗೆ ಮುಳುವಾಯಿತು. ಊಟಕ್ಕೆ ಹೋದರೆ ನಾಲ್ಕು ಮುಖ ಕಾಣುತ್ತಿದ್ದವು. ಡಬ್ಬಿ ಬಂದ ಮೇಲೆ ಡಬ್ಬಿ ತರುವ ಹುಡುಗನ ಮುಖ ಒಂದೇ. ಅವನೂ ಗೇಟಿಗೆ ಚೀಲ ತೂಗುಹಾಕಿ ಹೋಗುವವನು.

ಕೆರೆ? ಅಕ್ಕ ಆ ಕಡೆಯ ಕಿಟಕಿ ತೆರೆಯುವುದೇ ಇಲ್ಲ. ಸಂಜೆ ಐದಕ್ಕೆ ಸೊಳ್ಳೆ.

ಈ ದೇಶದಲ್ಲಿ ಗಂಡ ಹೆಂಡತಿಗಿಂತ ಸಾಮಾನ್ಯವಾಗಿ ನಾಲ್ಕಾರು ವರ್ಷ ದೊಡ್ಡವನು. ಹೆಂಗಸರು ಗಂಡಸರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ. 2011ರ ಜನಗಣತಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು 4 ಕೋಟಿಗೂ ಮೀರಿ ಇದ್ದರು. ಹೆಂಡತಿಯನ್ನು ಕಳೆದುಕೊಂಡ ಗಂಡಸರು ಅದರ ಅರ್ಧವೂ ಇರಲಿಲ್ಲ. ಅಂದರೆ ಅರುವತ್ತೈದರಲ್ಲಿ ಇಬ್ಬರಿಗೆಂದು ಕೊಂಡ ಮನೆಯಲ್ಲಿ ಕೊನೆಯ ಎಂಟು ಹತ್ತು ವರ್ಷ ಇರುವವಳು ಒಬ್ಬಳೇ. ಮನೆ ಆರಿಸುವವರು ಗಂಡಸರು, ಅದರಲ್ಲಿ ಉಳಿಯುವವಳು ಹೆಂಗಸು. ಈ ಮಾತು ಅಪಶಕುನವೆಂದು ಕೆಲವರಿಗೆ ತೋರಬಹುದು, ತೋರಲಿ. ವಿಮೆಯ ಪಾಲಿಸಿಗೆ ಸಹಿ ಹಾಕುವಾಗ ಯಾರಿಗೂ ಅಪಶಕುನವಾಗಲಿಲ್ಲವಲ್ಲ.

ಲೇಖಕರು ಅಮೇರಿಕೆಯ ಉದಾಹರಣೆ ಕೊಟ್ಟಿದ್ದಾರೆ. ಮಗನ ಮನೆಗೆ ಹೋದಾಗ ಫ್ಲಾರಿಡಾದ ‘ದಿ ವಿಲೇಜಸ್’ ನೋಡಿ ಬಂದರಂತೆ. ಅಲ್ಲಿ ಜನ ಕೆರೆಯ ಬದಿ, ಗಾಲ್ಫ್ ಮೈದಾನದ ಬದಿ ದೂರ ದೂರ ಮನೆ ಮಾಡಿಕೊಂಡು ಸುಖವಾಗಿದ್ದಾರಂತೆ. ಇದ್ದಾರೆ, ನಿಜ. ಅದೊಂದು ಅದ್ಭುತವೇ. ಚಕ್ರದ ಮೇಲಿನ ಮನೆಗಳನ್ನು ನಿಲ್ಲಿಸುವ ಸಣ್ಣ ಜಾಗವಾಗಿ ಆರಂಭವಾಗಿ ಈಗ ಮೂರು ಕೌಂಟಿಗಳಿಗೆ ಹರಡಿದೆ. 2010ರಿಂದ 2020ರವರೆಗಿನ ಹತ್ತು ವರ್ಷಗಳಲ್ಲಿ ಅಮೇರಿಕೆಯ ಮಹಾನಗರ ಪ್ರದೇಶಗಳಲ್ಲೆಲ್ಲ ಅತಿ ವೇಗವಾಗಿ ಬೆಳೆದದ್ದು ಅದೇ. ಜನಸಂಖ್ಯೆ ಸುಮಾರು 93 ಸಾವಿರದಿಂದ 1 ಲಕ್ಷ 30 ಸಾವಿರಕ್ಕೇರಿತು. ಮುದುಕರ ಊರೊಂದು ಹಾಗೆ ಬೆಳೆದದ್ದನ್ನು ಬೇರೆಲ್ಲಿ ಕೇಳಿದ್ದೇವೆ? ಆದರೆ ಅಲ್ಲಿಗೆ ಮನೆ ಕೊಳ್ಳಲು ಹೋಗುವವರು ಏನು ಕೇಳುತ್ತಾರೆಂಬುದನ್ನು ಲೇಖಕರು ಬರೆಯಲಿಲ್ಲ. ಸ್ಪ್ಯಾನಿಶ್ ಸ್ಪ್ರಿಂಗ್ಸ್, ಲೇಕ್ ಸಮ್ಟರ್ ಲ್ಯಾಂಡಿಂಗ್, ಬ್ರೌನ್‌ವುಡ್ ಎಂದು ಅಲ್ಲಿ ಪೇಟೆಯ ಚೌಕಗಳಿವೆ. ಸಂಜೆಯಾದರೆ ಹಾಡು, ಕುಣಿತ, ಜನ. ಯಾವ ಹಳ್ಳಿಯಲ್ಲಿ ಮನೆ ಹಿಡಿಯಬೇಕೆಂದು ವಿಚಾರಿಸುವವರು ಆ ಚೌಕಕ್ಕೆ ಗಾಲ್ಫ್ ಗಾಡಿಯಲ್ಲಿ ಎಷ್ಟು ನಿಮಿಷ ಎಂದು ಕೇಳುತ್ತಾರೆ. ನಮ್ಮ ಸ್ಟೇಶನ್ನಿನ ಪ್ರಶ್ನೆಯೇ ಅದು!

ಮತ್ತೂ ಒಂದು ಮಾತಿದೆ. ಆ ಊರಿನಲ್ಲಿ ಗಾಡಿಗಳಿಗೆಂದೇ ಮೈಲಿಗಟ್ಟಲೆ ದಾರಿ ಮಾಡಿದ್ದಾರೆ, ಹೆದ್ದಾರಿ ದಾಟಲು ಸುರಂಗ, ಸೇತುವೆ ಕೂಡ. ಅದನ್ನು ಓಡಿಸಲು ದೊಡ್ಡವರಿಗೆ ಕಾರಿನ ಲೈಸೆನ್ಸೂ ಬೇಕಿಲ್ಲ. ಗಂಡ ಸತ್ತ ಮುದುಕಿ ತನ್ನ ಗಾಡಿಯನ್ನು ತಾನೇ ಓಡಿಸಿಕೊಂಡು ಚೌಕಕ್ಕೆ ಹೋಗಬಲ್ಲಳು. ಅಲ್ಲಿ ಗಾಡಿ ಮುದುಕಿಯದು. ಇಲ್ಲಿ ಗಾಡಿ ಕಂಪನಿಯದು. ಅಲ್ಲಿನ ದೂರವನ್ನು ಮಾತ್ರ ಇಲ್ಲಿಗೆ ತಂದು ಗಾಡಿಯನ್ನು ಅಲ್ಲಿಯೇ ಬಿಟ್ಟು ಬಂದರೆ ಆದೀತೆ?

ಇನ್ನು ಕನ್ನಡ ಬೀದಿಯ ವಿಷಯ. ಇಲ್ಲಿ ನನ್ನ ಮೇಲೆ ಕೆಲವರಿಗೆ ಕೋಪ ಬರುವುದು ಖಂಡಿತ. ಸ್ವಾಮಿ, ನಾನೂ ಕನ್ನಡಕ್ಕಾಗಿಯೇ ಜೀವ ತೇದವಳು. ಪಟ್ಟಿಯಲ್ಲಿ ಹನ್ನೊಂದು ಮಕ್ಕಳಿದ್ದಾಗಲೂ ತರಗತಿ ಮುಚ್ಚದಂತೆ ಮನೆಮನೆ ತಿರುಗಿದ್ದೇನೆ. ಆದರೆ ನಲವತ್ತು ಮನೆಗಳನ್ನು ಒಂದೇ ವರ್ಷ, ಒಂದೇ ವಯಸ್ಸಿನವರು ಕೊಂಡರೆ ಏನಾಗುತ್ತದೆ? ನಲವತ್ತು ಮನೆಯವರೂ ಒಟ್ಟಿಗೇ ಮುದುಕರಾಗುತ್ತಾರೆ. ಹದಿನೈದು ವರ್ಷಕ್ಕೆ ಇಡೀ ಓಣಿಯಲ್ಲಿ ಒಬ್ಬರ ಬಾಗಿಲು ಬಡಿದು ವಿಚಾರಿಸುವ ಶಕ್ತಿ ಇನ್ನೊಬ್ಬರಿಗೆ ಇರುವುದಿಲ್ಲ. ಮನೆಗಳು ಮಕ್ಕಳ ಹೆಸರಿಗೆ ಹೋಗುತ್ತವೆ; ಮಕ್ಕಳು ಹೆಚ್ಚು ಬೆಲೆ ಕೊಟ್ಟವರಿಗೆ ಮಾರುತ್ತಾರೆ, ಕನ್ನಡ ಬರುತ್ತದೆಯೆ ಎಂದು ಪರೀಕ್ಷೆ ಮಾಡಿ ಮಾರುವುದಿಲ್ಲ. ಬಾವುಟ ಕಟ್ಟಲು ಏಣಿ ಹತ್ತುವವರು ಯಾರು?

ಅದಕ್ಕಿಂತ ವಸಾಹತಿನ ಹಳೆಯ ಭಾಗದಲ್ಲಿ, ಒಂದೆರಡು ಸಲ ಕೈ ಬದಲಾದ ಮನೆಗಳಿರುವ ಓಣಿ ಮೇಲು. ಅಲ್ಲಿ ಎಂಬತ್ತೈದರವರ ಪಕ್ಕದಲ್ಲಿ ಅರುವತ್ತೆರಡರವರು ಇರುತ್ತಾರೆ. ಮರ ಬೆಳೆದು ನೆರಳಿರುತ್ತದೆ. ಗೋಡೆ ಸೋರುವುದಿದ್ದರೆ ಇಷ್ಟರಲ್ಲಿ ಸೋರಿ ಗೊತ್ತಾಗಿರುತ್ತದೆ. ನಾವು ಚಾಳುಗಳಲ್ಲಿ ಬದುಕಿದವರು. ನಮ್ಮ ಮನೆಯವರು ನಡುರಾತ್ರಿ ಎದೆ ಹಿಡಿದುಕೊಂಡು ಕುಸಿದಾಗ ಟ್ಯಾಕ್ಸಿ ತಂದವನು ಎದುರು ಖೋಲಿಯ ಮರಾಠಿ ಹುಡುಗ. ಅವನಿಗೆ ಆಗ ಇಪ್ಪತ್ತೆರಡು. ಬಾಷೆ ಬೇರೆಯಾಗಿದ್ದುದಕ್ಕಿಂತ ಅವನ ವಯಸ್ಸು ಬೇರೆಯಾಗಿದ್ದುದೇ ಆ ರಾತ್ರಿ ನಮಗೆ ಒದಗಿದ್ದು. ಕನ್ನಡಕ್ಕೆ ಬೇಕಾದದ್ದು ಊಟದ ಮನೆಯ ಪಕ್ಕದಲ್ಲಿ ಒಂದು ಕೋಣೆ, ಒಂದು ಕಪಾಟು ಪುಸ್ತಕ, ವಾರಕ್ಕೊಂದು ಸಂಜೆ. ಕಂಪನಿಯ ಮುಂದೆ ನಮ್ಮ ನಲವತ್ತು ಮಂದಿಯ ಬಲವನ್ನು ರಿಯಾಯಿತಿಗಾಗಿ ಖರ್ಚು ಮಾಡುವ ಬದಲು ಆ ಕೋಣೆಗಾಗಿ ಖರ್ಚು ಮಾಡೋಣ.

ಖಾಲಿ ಇರುವ ಕೊನೆಯ ಓಣಿ ಎಂದರಲ್ಲ, ಅದರ ಬಗ್ಗೆ ಕಾನೂನಿನ ಮಾತೊಂದನ್ನು ಹೇಳಿಬಿಡುತ್ತೇನೆ. 2016ರ ರೇರಾ ಕಾಯಿದೆಯಂತೆ ಹಂತ ಹಂತವಾಗಿ ಕಟ್ಟುವ ಯೋಜನೆಯಲ್ಲಿ ಪ್ರತಿಯೊಂದು ಹಂತವೂ ಒಂದು ಸ್ವತಂತ್ರ ಯೋಜನೆ. ಪ್ರತಿಯೊಂದಕ್ಕೂ ಬೇರೆ ನೋಂದಣಿ ಬೇಕು. ಆದ್ದರಿಂದ ಮೂರನೆಯ ಹಂತದಲ್ಲಿ ಮನೆ ಕೊಂಡವರು ನಾಲ್ಕನೆಯ ಹಂತದಲ್ಲಿ ಬರಲಿರುವ ‘ಎರಡನೆಯ ಊಟದ ಮನೆ’ಯನ್ನು ನಂಬಿ ಕೂರುವಂತಿಲ್ಲ. ಅಚ್ಚಾದ ನಕ್ಷೆಯಲ್ಲಿ ಕೆರೆಯ ಹತ್ತಿರ ಚುಕ್ಕೆ ಗೆರೆಯಲ್ಲಿ ಅದನ್ನು ತೋರಿಸಿದ್ದಾರೆ. ಚುಕ್ಕೆ ಗೆರೆಯಲ್ಲಿ ಯಾರೂ ಅನ್ನ ಬೇಯಿಸುವುದಿಲ್ಲ. 1960ರ ಜನವರಿ 1ರಂದು ಅರಿಜೋನದ ಮರುಭೂಮಿಯಲ್ಲಿ ಡೆಲ್ ವೆಬ್ ಎಂಬ ಗುತ್ತಿಗೆದಾರ ‘ಸನ್ ಸಿಟಿ’ ತೆರೆದಾಗ, ಮಾದರಿಯ ಮನೆಗಳ ಜೊತೆಗೆ ಅಂಗಡಿ ಸಾಲು, ಮನೋರಂಜನಾ ಕೇಂದ್ರ, ಗಾಲ್ಫ್ ಮೈದಾನ ಮೊದಲೇ ಎದ್ದು ನಿಂತಿದ್ದವು. ಮೊದಲ ವಾರದ ಕೊನೆಯೊಳಗೇ ಲಕ್ಷದಷ್ಟು ಜನ ನೋಡಲು ಬಂದರೆಂದು ಹೇಳುತ್ತಾರೆ. ಮುದುಕರಿಗೆ ಭರವಸೆ ಮಾರಬಾರದು, ಕಣ್ಣಿಗೆ ಕಾಣುವುದನ್ನು ಮಾರಬೇಕೆಂದು ಆ ವ್ಯಾಪಾರಿಗೆ ಅರುವತ್ತು ವರ್ಷಕ್ಕೂ ಹಿಂದೆಯೇ ತಿಳಿದಿತ್ತು.

ಮನೆಯೊಳಗಿನ ವಿಷಯಕ್ಕೆ ಹೆಚ್ಚು ಹೋಗುವುದಿಲ್ಲ. ಗಾಲಿಕುರ್ಚಿ ಹಾಯುವಷ್ಟು ಅಗಲದ ಬಾಗಿಲು, ಬಚ್ಚಲಿನಲ್ಲಿ ಹಿಡಿಕೆ, ಜಾರದ ನೆಲ, ಇವನ್ನು ಈಗ ಎಲ್ಲರೂ ಬಲ್ಲರು. ಮಹಾರಾಷ್ಟ್ರದ ರೇರಾ ಪ್ರಾಧಿಕಾರವೂ 2024ರಲ್ಲಿ ಹಿರಿಯರ ವಸತಿಗೆಂದು ಮಾದರಿ ನಿಯಮಗಳನ್ನು ಹೊರಡಿಸಿದೆ. ಇಳಿಜಾರು ದಾರಿ ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕೆಂಬುದು ಒಪ್ಪಿತವಾದ ಲೆಕ್ಕ. ಟೇಪು ಹಿಡಿದು ಅಳೆಯಿರಿ, ಸಂಕೋಚ ಬೇಡ. ಆದರೆ ಯಾವ ಓಣಿಯಲ್ಲಿ ಮನೆ ಹಿಡಿಯಬೇಕೆಂದು ಯಾವ ಸರಕಾರವೂ ಬಂದು ಹೇಳದು.

ಅಕ್ಕ ಮನೆ ಬದಲಿಸಬಾರದೆ ಎಂದು ಕೇಳುವಿರಿ. ಕೇಳಿದೆವು. ಊಟದ ಮನೆಯ ಎದುರಿನ ಒಂದು ಕೋಣೆಯ ಮನೆಗೆ ಬದಲಾಯಿಸಿಕೊಡಿ ಎಂದು ಆಫೀಸಿಗೆ ನಾಲ್ಕು ಸಲ ಹೋದೆವು. ಬದಲಾಯಿಸುವ ಪದ್ಧತಿ ಇಲ್ಲ. ಇದನ್ನು ಮಾರಿ ಅದನ್ನು ಕೊಳ್ಳಬೇಕು. ಮಾರುವಾಗ ಕಂಪನಿಗೆ ವರ್ಗಾವಣೆ ಶುಲ್ಕ, ಕೊಳ್ಳುವಾಗ ಮುದ್ರಾಂಕ ಶುಲ್ಕ. ಅದೂ ಆಗಲಿ ಎಂದರೆ, ಕೊನೆಯ ಓಣಿಯ ಮನೆಗೆ ಗಿರಾಕಿ ಇಲ್ಲ. ಕೆರೆ ನೋಡಲು ಬಂದವರೆಲ್ಲ "ಊಟಕ್ಕೆ ಎಷ್ಟು ದೂರ?" ಎಂದು ಕೇಳಿ ಹೊರಟುಹೋಗುತ್ತಾರೆ. ಈಗ ಕೊಳ್ಳುವವರಿಗೆ ಬುದ್ಧಿ ಬಂದಿದೆ. ನಮ್ಮ ಸಮಿತಿಗೆ ಬಂದಿಲ್ಲ.

ಬರುವ ತಿಂಗಳು ಸಮಿತಿಯವರು ಆ ವಸಾಹತನ್ನು ನೋಡಲು ಹೋಗುತ್ತಾರೆಂದು ಸಂಘದ ಫಲಕದಲ್ಲಿ ಚೀಟಿ ಹಚ್ಚಿದ್ದಾರೆ. ಹೆಸರು ಕೊಟ್ಟ ಹದಿನೇಳು ಮಂದಿಯೂ ಗಂಡಸರು. ಕಾರ್ಯದರ್ಶಿಯವರಲ್ಲಿ ನನ್ನ ಕೋರಿಕೆ ಇಷ್ಟು: ಆ ಪಟ್ಟಿಯನ್ನು ಹರಿದು ಹಾಕಿ ಹೊಸ ಪಟ್ಟಿ ಮಾಡಿ, ಒಂದು ಮನೆಯಿಂದ ಒಬ್ಬರೇ ಹೋಗುವುದಿದ್ದರೆ ಹೆಂಡತಿಯನ್ನು ಕಳಿಸಿ. ಅಲ್ಲಿ ಕಂಪನಿಯವರು ತೋರಿಸಲು ತರುವ ಗಾಡಿಯನ್ನು ಹತ್ತಬೇಡಿ. ಮಧ್ಯಾಹ್ನ ಹನ್ನೆರಡೂವರೆಗೆ, ಬಿಸಿಲಿನಲ್ಲಿ, ಕೊನೆಯ ಓಣಿಯಿಂದ ಊಟದ ಮನೆಗೆ ನಡೆದುಕೊಂಡು ಬನ್ನಿ. ರಾತ್ರಿ ಊಟ ಮುಗಿಸಿ ನಡೆದೇ ಹಿಂದಿರುಗಿ. ದಾರಿಯಲ್ಲಿ ಎಷ್ಟು ದೀಪ, ಎಷ್ಟು ಬೆಂಚು, ಎಷ್ಟು ಮನೆಗಳಲ್ಲಿ ಬೆಳಕಿದೆ ಎಂದು ಬರೆದುಕೊಳ್ಳಿ. ನಾನು ನನ್ನ ಹೆಸರು ಕೊಟ್ಟಿದ್ದೇನೆ, ಹದಿನೆಂಟನೆಯದು ನನ್ನದು. ಅಕ್ಕನೂ ಬರುತ್ತೇನೆಂದಿದ್ದಾಳೆ, ಅವಳಿಗೆ ಕೆಳಗಿನ ಬರ್ತು ಬೇಕು.