ಮುರಿದದ್ದನ್ನು ಎಸೆಯುವ ಮುನ್ನ ಬಿಚ್ಚಿ ನೋಡೋಣ

ಪೊಳಲಿಯ ಚೆಂಡಿನ ಜಾತ್ರೆ ಇರಲಿ, ಧರ್ಮಸ್ಥಳದ ಲಕ್ಷದೀಪೋತ್ಸವ ಇರಲಿ, ಮೂಡುಬಿದಿರೆಯ ವಿರಾಸತ್ ಇರಲಿ, ಅಂಗಡಿ ಸಾಲಿನಲ್ಲಿ ಎಲ್ಲಾದರೂ ಒಂದು ಕಡೆ ರಿಮೋಟ್ ಹೆಲಿಕಾಪ್ಟರ್ ಹಾರುವುದು ಕಾಣಸಿಗುತ್ತದೆ. ಮಕ್ಕಳು ಹಟ ಹಿಡಿಯುತ್ತಾರೆ, ಅಪ್ಪ ಚೌಕಾಸಿ ಮಾಡಿ ಕೊಡಿಸುತ್ತಾರೆ. ಮನೆಗೆ ಬಂದ ಮರುದಿನ ಅದು ಗೋಡೆಗೋ ತೆಂಗಿನ ಮರಕ್ಕೋ ಬಡಿಯುತ್ತದೆ. ಮೂರನೇ ದಿನ ಅಟ್ಟ ಸೇರುತ್ತದೆ. ಸ್ವಲ್ಪ ದೊಡ್ಡವರಾಗಿ ಸಾವಿರಾರು ರೂಪಾಯಿ ಕೂಡಿಟ್ಟು ಹವ್ಯಾಸದ ಹೆಲಿಕಾಪ್ಟರ್ ಕೊಂಡವರ ಕತೆಯೂ ಹೆಚ್ಚು ಬೇರೆಯಲ್ಲ. ಅಟ್ಟಕ್ಕೆ ಹೋಗುವ ಮೊದಲು ಅಮ್ಮನ ಬೈಗುಳ ಸ್ವಲ್ಪ ಜಾಸ್ತಿ, ಅಷ್ಟೆ.

ಅದು ಅಟ್ಟ ಸೇರುವ ದಿನವೇ ನಿಜವಾದ ಪಾಠ ಶುರುವಾಗಬೇಕು ಎಂಬುದು ನನ್ನ ಅನಿಸಿಕೆ. ಹಾರಿಸುವುದು ಒಂದು ಸಂತೋಷ, ಸರಿ. ಬಿದ್ದದ್ದನ್ನು ಬಿಚ್ಚಿ, ಯಾಕೆ ಮುರಿಯಿತು ಎಂದು ತಿಳಿದು, ಕೈಗೆ ಸಿಕ್ಕಿದ ವಸ್ತುವಿನಲ್ಲೇ ಮತ್ತೆ ಎದ್ದು ನಿಲ್ಲಿಸುವುದು ಅದಕ್ಕಿಂತ ದೊಡ್ಡ ವಿದ್ಯೆ. ಹಾಗೆಂದು ಎಲ್ಲವನ್ನೂ ಅಂಟಿಸಿ ಹಾರಿಸಬಹುದು ಎಂದು ನಾನು ಹೇಳುತ್ತಿಲ್ಲ. ಯಾವುದನ್ನು ಹತ್ತು ರೂಪಾಯಿಯಲ್ಲಿ ಸರಿಮಾಡಬಹುದು, ಯಾವುದನ್ನು ಪುಕ್ಕಟೆ ಆದರೂ ಸರಿಮಾಡಲೇಬಾರದು ಎಂದು ಬೇರ್ಪಡಿಸಿ ನೋಡುವುದೇ ಆ ವಿದ್ಯೆಯ ತಿರುಳು.

ಮೊದಲು ಸರಿಮಾಡಬಹುದಾದದ್ದನ್ನು ನೋಡೋಣ. ಜಾತ್ರೆಯ ಆಟಿಕೆ ಹೆಲಿಕಾಪ್ಟರಿನಲ್ಲಿ ಸಾಮಾನ್ಯವಾಗಿ ಒಂದರ ಮೇಲೊಂದು ಎರಡು ಜೋಡಿ ರೆಕ್ಕೆಗಳಿರುತ್ತವೆ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಇಲ್ಲವಾದರೆ ರೆಕ್ಕೆ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಹೆಲಿಕಾಪ್ಟರಿನ ಮೈಯೇ ಗಿರಗಿರನೆ ತಿರುಗತೊಡಗುತ್ತದೆ. ನ್ಯೂಟನ್ನನ ಮೂರನೇ ನಿಯಮವನ್ನು ಪಠ್ಯದಲ್ಲಿ ಓದಿ ಅಂಕ ಗಳಿಸಿದವರು ಒಮ್ಮೆ ಇದನ್ನು ಬಿಚ್ಚಿ ನೋಡಬೇಕು. ಇದರಲ್ಲಿ ಮೊದಲು ಮುರಿಯುವುದು ನೆಲಕ್ಕೆ ತಾಗುವ ಕಾಲುಗಳು, ಬಾಲದ ಕೋಲು, ಮೇಲಿನ ಸಮತೋಲನದ ಅಡ್ಡಪಟ್ಟಿಗೆ ಜೋಡಿಸಿದ ಸಣ್ಣ ಕೊಂಡಿ, ಮತ್ತೆ ಬಾಲದ ಮೋಟಾರಿಗೆ ಹೋಗುವ ಕೂದಲೆಳೆಯಂಥ ವೈರು.

ಇವಕ್ಕೆಲ್ಲ ಮದ್ದು ಮನೆಯಲ್ಲೇ ಇದೆ. ಕಾಲು ಮುರಿದರೆ ಹಾಳಾದ ಕೊಡೆಯ ಕಡ್ಡಿ ಸಾಕು. ಕೊಂಡಿ ಹೋದರೆ ಪೇಪರ್ ಕ್ಲಿಪ್ಪಿನ ತಂತಿ ಬಗ್ಗಿಸಬಹುದು. ಬಾಲದ ಕೊಳವೆ ಮುರಿದರೆ ಒಳಗೆ ಹೊಂದುವ ಪೆನ್ ರೀಫಿಲ್ ಅಥವಾ ಬಿದಿರಿನ ಕಡ್ಡಿ ತೂರಿಸಿ, ಹೊರಗಿನಿಂದ ದಾರವನ್ನು ಒತ್ತೊತ್ತಾಗಿ ಸುತ್ತಿ, ಅದರ ಮೇಲೆ ಒಂದೆರಡು ಹನಿ ಫೆವಿಕ್ವಿಕ್ ಬಿಟ್ಟರೆ ಆ ಜಾಗ ಮೊದಲಿಗಿಂತ ಗಟ್ಟಿ. ಸ್ಕ್ರೂ ಹಿಡಿಯದಷ್ಟು ಸಡಿಲವಾದ ಪ್ಲಾಸ್ಟಿಕ್ ತೂತಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ ಅದೇ ಗೋಂದಿನ ಹನಿ ಬಿಟ್ಟರೆ ಕ್ಷಣದಲ್ಲಿ ಕಲ್ಲಿನಂತಾಗುತ್ತದೆ. ಮತ್ತೆ ಸಣ್ಣ ತೂತು ಕೊರೆದರಾಯಿತು. ಮುಂಭಾಗದ ಹೊದಿಕೆ ಒಡೆದರೆ ಮರದ ತುಂಡನ್ನು ಆ ಆಕಾರಕ್ಕೆ ಕೆತ್ತಿ, ತಂಪು ಪಾನೀಯದ ಬಾಟಲಿಯೊಳಗೆ ಇಟ್ಟು, ಹೊರಗಿನಿಂದ ಬಿಸಿಗಾಳಿ ಕೊಟ್ಟರೆ ಪ್ಲಾಸ್ಟಿಕ್ ಕುಗ್ಗಿ ಅಚ್ಚಿಗೆ ಅಂಟಿಕೊಳ್ಳುತ್ತದೆ. ಒಂದು ಎಚ್ಚರಿಕೆ: ಫೆವಿಕ್ವಿಕ್ ಹತ್ತಿ ಬಟ್ಟೆಯ ಮೇಲೆ ಹೆಚ್ಚು ಚೆಲ್ಲಿದರೆ ಬಿಸಿಯೇರಿ ಚರ್ಮ ಸುಡಬಹುದು. ಲುಂಗಿ ಉಟ್ಟು ತೊಡೆಯ ಮೇಲೆ ಇಟ್ಟುಕೊಂಡು ಈ ಕೆಲಸ ಮಾಡಬೇಡಿ.

ರಿಪೇರಿ ಅಂದರೆ ಅಂಟಿಸುವುದು ಮಾತ್ರ ಅಲ್ಲ, ತೂಗುವುದೂ ಹೌದು. ಬಾಲದ ತುದಿಗೆ ಎರಡು ಗ್ರಾಂ ಎಂ-ಸೀಲ್ ಮೆತ್ತಿದರೆ ಹೆಲಿಕಾಪ್ಟರ್ ಹಿಂದಕ್ಕೆ ಜಗ್ಗುತ್ತದೆ. ಬಾಲ ನಡುವಿನಿಂದ ದೂರ ಇರುವುದರಿಂದ ಅಲ್ಲಿನ ಎರಡು ಗ್ರಾಂ ಸಣ್ಣ ಭಾರವಲ್ಲ. ಬ್ಯಾಟರಿಯನ್ನು ಸ್ವಲ್ಪ ಮುಂದೆ ಸರಿಸಿ ತಕ್ಕಡಿ ಸರಿಮಾಡಬೇಕು. ರೆಕ್ಕೆಗಳ ಜೋಡಿಯಲ್ಲಿ ಒಂದು ಹಗುರವಾಗಿದ್ದರೆ ಇಡೀ ಯಂತ್ರ ನಡುಗುತ್ತದೆ. ಆಗ ಹಗುರಾದ ರೆಕ್ಕೆಗೆ ಸೆಲ್ಲೊಟೇಪಿನ ಸಣ್ಣ ತುಂಡು ಸುತ್ತಿ ಸಮ ಮಾಡುತ್ತಾರೆ. ಹೀಗೆ ಒಂದು ಆಟಿಕೆಯ ಮೇಲೆ ಕೈಯಾಡಿಸಿದವನಿಗೆ ಗುರುತ್ವಕೇಂದ್ರ ಎಂದರೆ ಏನೆಂದು ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ.

ಇನ್ನು ಸರಿಮಾಡಲೇಬಾರದ್ದು. ಹವ್ಯಾಸಿಗಳು ‘450’ ಎಂದು ಕರೆಯುವ ಅಳತೆಯ ಹೆಲಿಕಾಪ್ಟರಿನ ಒಂದೊಂದು ರೆಕ್ಕೆ ಸುಮಾರು 325 ಮಿಲಿಮೀಟರ್ ಉದ್ದ. ನಿಮಿಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಲೆಕ್ಕ ಹಾಕಿ ನೋಡಿ, 2,700 ಸುತ್ತು ಎಂದಿಟ್ಟುಕೊಂಡರೆ ರೆಕ್ಕೆಯ ತುದಿಯ ವೇಗ ಗಂಟೆಗೆ 350 ಕಿಲೋಮೀಟರಿನ ಆಸುಪಾಸು. ಮೂವತ್ತು ಗ್ರಾಂ ತೂಕದ ರೆಕ್ಕೆಯಾದರೆ ಅದನ್ನು ಹೊರಕ್ಕೆ ಎಳೆಯುವ ಬಲ ಹತ್ತಿರ ಹತ್ತಿರ 50 ಕಿಲೋ ಭಾರಕ್ಕೆ ಸಮ. ಅಂದರೆ ಒಂದು ಸಿಮೆಂಟ್ ಮೂಟೆಯನ್ನು ಆ ರೆಕ್ಕೆಯ ಬುಡಕ್ಕೆ ನೇತುಹಾಕಿದ ಹಾಗೆ. ಬಿರುಕು ಬಿಟ್ಟ ಅಂಥ ರೆಕ್ಕೆಯನ್ನು ಗೋಂದು ಹಚ್ಚಿ ತಿರುಗಿಸುವವನು ಆ ಮೂಟೆಯನ್ನು ನೂಲಿನಲ್ಲಿ ಕಟ್ಟಿ ಪಕ್ಕದವರ ತಲೆಯ ಮೇಲೆ ತೂಗಿಸಿದ ಹಾಗೆ. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಪಾರ್ಕೊಂದರಲ್ಲಿ 19 ವರ್ಷದ ಯುವಕನೊಬ್ಬ ತಾನೇ ಹಾರಿಸುತ್ತಿದ್ದ ರಿಮೋಟ್ ಹೆಲಿಕಾಪ್ಟರಿನ ರೆಕ್ಕೆ ಬಡಿದು ತೀರಿಕೊಂಡ. ಅವನು ಹೊಸಬನೂ ಆಗಿರಲಿಲ್ಲ. ದೊಡ್ಡ ಹೆಲಿಕಾಪ್ಟರ್ ಆಟದ ಸಾಮಾನಲ್ಲ ಎನ್ನಲು ಬೇರೆ ಸಾಕ್ಷಿ ಬೇಡ.

ರೆಕ್ಕೆಯನ್ನು ಹಿಡಿದಿಡುವ ಉಕ್ಕಿನ ಸಣ್ಣ ಸರಳು, ನಡುವಿನ ಮುಖ್ಯ ಶಾಫ್ಟು, ಇವಕ್ಕೂ ಇದೇ ಮಾತು. ಗಾಜಿನ ಮೇಲೆ ಉರುಳಿಸಿದಾಗ ಕುಪ್ಪಳಿಸಿದರೆ ಅದು ಬಗ್ಗಿದೆ ಎಂದೇ ಅರ್ಥ. ಸುತ್ತಿಗೆಯಲ್ಲಿ ಬಡಿದು ನೇರ ಮಾಡಿದರೆ ಕಣ್ಣಿಗೆ ನೇರ ಕಂಡೀತು, ಒಳಗಿನ ಬಿರುಕು ಕಾಣುವುದಿಲ್ಲ. ಹೊಸತು ಹಾಕುವುದೇ ದಾರಿ. ಮೂರನೆಯದು ಬ್ಯಾಟರಿ. ಲಿಥಿಯಂ ಪಾಲಿಮರ್ ಬ್ಯಾಟರಿ ಉಬ್ಬಿದ್ದರೆ, ಬಿದ್ದು ಜಜ್ಜಿ ಹೋಗಿದ್ದರೆ, ಅದನ್ನು ಚುಚ್ಚಿ ಗಾಳಿ ತೆಗೆಯುವ, ಟೇಪ್ ಸುತ್ತಿ ಮತ್ತೆ ಚಾರ್ಜಿಗೆ ಇಡುವ ಸಾಹಸ ಯಾರಿಗೂ ಬೇಡ. ಅದು ಹೊತ್ತಿಕೊಂಡರೆ ಹೆಂಚಿನ ಮನೆಯ ಅಟ್ಟದಲ್ಲಿರುವ ಒಣ ತೆಂಗಿನಕಾಯಿ, ಅಡಿಕೆ ಗೋಣಿಗಳ ಗತಿ ಏನಾದೀತು ಎಂದು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಹೊಸ ಬಿಡಿಭಾಗ ತಂದರಾಯಿತಲ್ಲ ಎಂದು ಕೇಳಬಹುದು. ಕಷ್ಟ ಇರುವುದೇ ಅಲ್ಲಿ. ಹಲ್ಲು ಸವೆದ ಒಂದು ಗೇರ್ ಚಕ್ರ ಹುಡುಕಿಕೊಂಡು ನಾನು ಮತ್ತು ನನ್ನ ಗೆಳೆಯ ಮಂಗಳೂರಿನವರೆಗೆ ಬಸ್ಸು ಹತ್ತಿದ್ದೆವು. “ಇದರ ಸ್ಪೇರ್ ಎಲ್ಲ ಬರುವುದಿಲ್ಲ ಮಾರಾಯ, ಹೊಸತೇ ತೆಗೊ” ಎಂದರು ಅಂಗಡಿಯವರು. ಅವರದ್ದು ತಪ್ಪಲ್ಲ, ಮಾರುಕಟ್ಟೆಯೇ ಹಾಗಿದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. 2021ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಪೂರ್ತಿ ಜೋಡಿಸಿದ ಡ್ರೋನ್‌ಗಳ ಆಮದನ್ನು 2022ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಕೆಲವು ವಿನಾಯಿತಿಗಳೊಂದಿಗೆ ನಿಷೇಧಿಸಿತು, ಬಿಡಿಭಾಗಗಳನ್ನು ತರಿಸಲು ಅಡ್ಡಿಯಿಲ್ಲ ಎಂದಿತು. ಈ ಕ್ರಮಗಳ ಉದ್ದೇಶ ಇಲ್ಲಿಯೇ ತಯಾರಾಗಲಿ, ಮಕ್ಕಳ ಕೈಗೆ ಕಳಪೆ ಮಾಲು ಸೇರದಿರಲಿ ಎಂಬುದು. ಅದು ಒಳ್ಳೆಯದೇ. ಆದರೆ ಇಲ್ಲಿ ತಯಾರಾಗಬೇಕಾದರೆ ಇಲ್ಲಿ ಬಿಚ್ಚಿ ನೋಡುವ ಕೈಗಳೂ ಬೇಕಲ್ಲವೇ? 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಎಂಬ ವಿಚಾರವನ್ನು ಕೈಗೆತ್ತಿಕೊಂಡಾಗ ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ಸಾಧನ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಆರಿಸಿಕೊಂಡಿತು. ಆಟಿಕೆ, ಹವ್ಯಾಸದ ಸಾಧನಗಳು ಅದರಲ್ಲಿಲ್ಲ. ಮಕ್ಕಳು ರಿಪೇರಿ ಕಲಿಯುವುದು ಟ್ರ್ಯಾಕ್ಟರಿನಿಂದಲ್ಲ, ಆಟಿಕೆಯಿಂದ ಎಂಬುದು ಯಾರಿಗೂ ಹೊಳೆಯಲಿಲ್ಲವೋ ಏನೋ.

ನಮ್ಮ ಜಿಲ್ಲೆಗೆ ಈ ಗುಣ ಹೊಸತೂ ಅಲ್ಲ. ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಎಂಜಿನ್ ಕೂರಿಸಿ ಮಾಡಿದ ಅಡಿಕೆ ಮರ ಏರುವ ಬೈಕ್ 2019ರಲ್ಲಿ ದೇಶವಿಡೀ ಸುದ್ದಿಯಾಯಿತು. ಮರ ಏರುವವರು ಸಿಗುತ್ತಿಲ್ಲ ಎಂಬ ತೊಂದರೆಯಿಂದ ಹುಟ್ಟಿದ ಯಂತ್ರ ಅದು. ಸುಳ್ಯದ ಗಿರೀಶ್ ಭಾರದ್ವಾಜರು ಕಡಿಮೆ ಖರ್ಚಿನ ತೂಗುಸೇತುವೆಗಳನ್ನು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಇವರ ಕೆಲಸ ಕಡಿಮೆ ಖರ್ಚಿನದು, ಆದರೆ ಅಗ್ಗದ್ದಲ್ಲ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂದು ಗೊತ್ತಿದ್ದವರ ಕೆಲಸ. ಇಂದು ನಮ್ಮ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದು ಬಿರುಕು ಬಿಟ್ಟಾಗ ಒಳಗೊಂದು ತೋಳು ಕೊಟ್ಟು ಎಪಾಕ್ಸಿ ಹಾಕುವ ಕ್ರಮವೂ ಹೆಲಿಕಾಪ್ಟರಿನ ಬಾಲ ಕಟ್ಟುವ ಕ್ರಮವೂ ಒಂದೇ. ಕಾರ್ಬನ್ ಫೈಬರನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಅದರಲ್ಲಿ ವಿದ್ಯುತ್ ಹರಿಯುತ್ತದೆ ಎಂಬ ಎರಡು ವಿಷಯ ಆಟಿಕೆಯಲ್ಲಿ ಕಲಿತವನು ನಾಳೆ ತೋಟದಲ್ಲಿ ವಿದ್ಯುತ್ ತಂತಿಯ ಹತ್ತಿರ ದೋಟಿ ಎತ್ತುವ ಮೊದಲು ಒಮ್ಮೆ ಮೇಲೆ ನೋಡುತ್ತಾನೆ.

ಕೆಲಸದ ದೃಷ್ಟಿಯಿಂದಲೂ ಯೋಚಿಸಿ. ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15 ಸಾವಿರ ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವುದೆಂದು 2023ರಲ್ಲಿ ತೀರ್ಮಾನವಾಯಿತು. ಹಾರಿಸುವವರ ಜೊತೆಗೆ ರಿಪೇರಿಗೆ ಆಸಕ್ತಿ ಇರುವ ಇನ್ನೊಬ್ಬರಿಗೂ ತರಬೇತಿ ಕೊಡಬೇಕೆಂದು ಆ ಯೋಜನೆಯೇ ಹೇಳುತ್ತದೆ. ಹಾರುವ ಯಂತ್ರಗಳು ಹೆಚ್ಚಾದಂತೆ ಬೀಳುವ ಯಂತ್ರಗಳೂ ಹೆಚ್ಚುತ್ತವೆ. ಬಿ.ಸಿ.ರೋಡಿನಲ್ಲಿ, ಬೆಳ್ತಂಗಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು ಬದುಕು ಕಟ್ಟಿಕೊಂಡ ಹುಡುಗರ ಹಾಗೆ ನಾಳೆ ಡ್ರೋನ್ ರಿಪೇರಿ ಅಂಗಡಿ ಇಡುವವರು ಯಾರು?

ಶಾಲೆ ಕಾಲೇಜುಗಳು ಇಲ್ಲಿ ಮನಸ್ಸು ಮಾಡಬೇಕು. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. 2025ರ ಬಜೆಟ್ಟಿನಲ್ಲಿ ಇಂಥ 50 ಸಾವಿರ ಲ್ಯಾಬುಗಳನ್ನು ಐದು ವರ್ಷದಲ್ಲಿ ಸರಕಾರಿ ಶಾಲೆಗಳಲ್ಲಿ ಮಾಡುವುದಾಗಿ ಹೇಳಲಾಗಿದೆ. ಒಳ್ಳೆಯ ಸಂಗತಿ. ಆದರೆ ಹಲವೆಡೆ ಹೊಸ ಕಿಟ್ ಕಪಾಟಿನೊಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ, ಹಾಳಾದೀತು ಎಂಬ ಭಯ. ಎಂಜಿನಿಯರಿಂಗ್ ಓದುವ ಕೆಲವರು ಕೊನೆಯ ವರ್ಷದ ಪ್ರಾಜೆಕ್ಟನ್ನು ಸಿದ್ಧ ರೂಪದಲ್ಲೇ ಹಣ ಕೊಟ್ಟು ತರುತ್ತಾರೆ. ಬಿದ್ದರೆ ಎತ್ತಲು ಅವರಿಗೂ ಗೊತ್ತಿಲ್ಲ. ಹೊಸ ಕಿಟ್ ಕೊಳ್ಳುವ ಮೊದಲು ತಿಂಗಳಿಗೊಂದು ಶನಿವಾರ ‘ಮುರಿದ ಸಾಮಾನು ತನ್ನಿ’ ಎಂದರೆ ಸಾಕು. ಸ್ಕ್ರೂ ಡ್ರೈವರ್, ಬೆಸುಗೆ ಕಡ್ಡಿ, ಮಲ್ಟಿಮೀಟರ್, ಕಣ್ಣಿಗೆ ಕನ್ನಡಕ ಇಷ್ಟಿದ್ದರೆ ಆಯಿತು. ಏರೋನಾಟಿಕಲ್ ಕಲಿಸುವ ಕಾಲೇಜು ಮೂಡುಬಿದಿರೆಯ ಮಗ್ಗುಲಲ್ಲೇ ಇದೆ. ಅಲ್ಲಿನ ಅಣ್ಣ ಅಕ್ಕಂದಿರು ಹತ್ತಿರದ ಹೈಸ್ಕೂಲಿಗೆ ಬಂದು ಎರಡು ಗಂಟೆ ಕೂತರೆ ಇಬ್ಬರಿಗೂ ಲಾಭ. ಊರಿನಲ್ಲಿ ರೇಡಿಯೋ, ಪಂಪು ರಿಪೇರಿ ಮಾಡಿ ಪಳಗಿದ ಹಿರಿಯರನ್ನೂ ಕರೆಯಿರಿ. ಅವರ ಕೈಗೆ ಗೊತ್ತಿರುವುದು ಯಾವ ವೀಡಿಯೋದಲ್ಲೂ ಸಿಗುವುದಿಲ್ಲ.

ಸರಿಯಾದ ಮೇಲೆ ಎಲ್ಲಿ ಹಾರಿಸಬೇಕು ಎಂಬ ವಿವೇಕವೂ ಈ ಪಾಠದೊಳಗೇ ಬರಲಿ. ಮುರಕಲ್ಲಿನ ಪದವಿನಲ್ಲಿ ಬಿದ್ದರೆ ಚೂರು ಚೂರು, ಕೊಯ್ದ ಗದ್ದೆಯಲ್ಲಿ ಬಿದ್ದರೆ ಒಂದು ಕಾಲು ಮುರಿದೀತು ಅಷ್ಟೆ. ಜನ, ದನ, ವಿದ್ಯುತ್ ತಂತಿ ಇಲ್ಲದ ಜಾಗ ಬೇಕು. 2021ರ ಡ್ರೋನ್ ನಿಯಮಗಳು 250 ಗ್ರಾಂ ಒಳಗಿನವಕ್ಕೆ, ವ್ಯಾಪಾರಕ್ಕಲ್ಲದೆ ಹಾರಿಸುವ ಎರಡು ಕಿಲೋವರೆಗಿನವಕ್ಕೆ ಪೈಲಟ್ ಪ್ರಮಾಣಪತ್ರ ಕೇಳುವುದಿಲ್ಲ. ಆದರೆ ವಿಮಾನ ನಿಲ್ದಾಣದ ಸುತ್ತ 12 ಕಿಲೋಮೀಟರಿನೊಳಗೆ ನಿರ್ಬಂಧಗಳಿವೆ. ಬಜಪೆ ನಮಗೆ ದೂರವಲ್ಲ, ಪೊಳಲಿ ಕಡೆಯವರು ಇದನ್ನು ಮರೆಯಬಾರದು.

ಮಳೆಗಾಲದಲ್ಲಿ ಹೇಗೂ ಏನನ್ನೂ ಹಾರಿಸಲಾಗುವುದಿಲ್ಲ. ಆಟಿಯ ಜಡಿಮಳೆಗೆ ಅಂಗಳಕ್ಕೆ ಇಳಿಯಲಾಗದ ಆ ದಿನಗಳೇ ರಿಪೇರಿಗೆ ಹೇಳಿ ಮಾಡಿಸಿದ ಕಾಲ. ಅಟ್ಟದಿಂದ ಇಳಿಸಿ, ಬಿಚ್ಚಿ, ಒಂದೊಂದು ಸ್ಕ್ರೂವನ್ನೂ ತಟ್ಟೆಯಲ್ಲಿ ಇಟ್ಟುಕೊಂಡು ಕೂರಿ. ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ: ಮಗ ಅಥವಾ ಮಗಳು ಒಳ್ಳೆಯ ಸಾಮಾನನ್ನು ಬಿಚ್ಚಿ ಹಾಕಿದರೆಂದು ಬೈಯಬೇಡಿ, ಮತ್ತೆ ಜೋಡಿಸದೆ ಬಿಟ್ಟರೆ ಮಾತ್ರ ಬೈಯಿರಿ.