ಬೈಯದ ನರ್ಸಮ್ಮ

ಎರಡು ತಿಂಗಳ ಹಿಂದೆ ಒಂದು ಮದುವೆಮನೆಯಲ್ಲಿ ಪಂಕ್ತಿಗೆ ಕೂತಿದ್ದೆ. ಹೋಳಿಗೆ ಬಡಿಸುತ್ತ ಬಂದ ನೆಂಟರೊಬ್ಬರು, ‘ಈ ಹೊಟ್ಟೆಗೆ ಇನ್ನೊಂದು ಬೇರೆ ಬೇಕಾ?’ ಎಂದು ನಗುತ್ತಲೇ ಇನ್ನೊಂದು ಹಾಕಿದರು. ಅಕ್ಕಪಕ್ಕದವರೆಲ್ಲ ನಕ್ಕರು. ನಾನೂ ನಕ್ಕೆ. ಪಕ್ಕದಲ್ಲಿದ್ದ ಮೊಮ್ಮಗಳು ಮಾತ್ರ ನಗಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ಕೇಳಿದಳು: ‘ತಾತ, ಅವರು ಹಾಗಂದಿದ್ದಕ್ಕೆ ನೀನು ಕಡಿಮೆ ತಿಂದೆಯಾ?’

ಇಲ್ಲ ಮಕ್ಕಳೇ, ಒಂದು ಹೆಚ್ಚೇ ತಿಂದಿದ್ದೆ.

ಅವಳ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದಾಗ ಇಂಗ್ಲೆಂಡಿನ ಒಂದು ಪ್ರಯೋಗದ ವಿಷಯ ಓದಿದೆ. ಅದನ್ನೇ ಈ ವಾರ ನಿಮಗೆ ಹೇಳುತ್ತೇನೆ.

ಅಲ್ಲಿ ಮೈ ಸರಿಯಿಲ್ಲದವರು ನೇರವಾಗಿ ದೊಡ್ಡಾಸ್ಪತ್ರೆಗೆ ಓಡುವುದಿಲ್ಲ. ಮೊದಲು ತಮ್ಮ ಬಡಾವಣೆಯ ವೈದ್ಯರ ಹತ್ತಿರ ಹೋಗುತ್ತಾರೆ. ಅಲ್ಲಿ ನರ್ಸಮ್ಮನೂ ಇರುತ್ತಾರೆ. ಆದರೆ ತೂಕ ಹೆಚ್ಚಿರುವ ಪ್ರತಿಯೊಬ್ಬರನ್ನೂ ವಾರವಾರವೂ ಕೂರಿಸಿಕೊಂಡು ಮಾತನಾಡಲು ಅವರಿಗೆ ಪುರುಸೊತ್ತೆಲ್ಲಿ? ಅದಕ್ಕೆ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಒಂದು ಉಪಾಯ ಮಾಡಿದರು. ಪಾಠ ಹೇಳುವ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟರು. ಆ ಕಾರ್ಯಕ್ರಮದ ಹೆಸರು ‘ಪವರ್ ಪ್ಲಸ್’. ಆರು ತಿಂಗಳಿಗೆ 24 ಪಾಠ. ಊಟದಲ್ಲಿ ಕ್ಯಾಲೊರಿ ಇಳಿಸುವುದೋ, ಬ್ರೆಡ್ಡು, ಆಲೂಗಡ್ಡೆ, ಅನ್ನದಂಥದ್ದನ್ನು ಇಳಿಸುವುದೋ, ಅವರವರೇ ಆರಿಸಿಕೊಳ್ಳಬೇಕು. ನಡೆಯಬೇಕು. ವಾರಕ್ಕೊಮ್ಮೆ ತೂಕ ನೋಡಿ ಬರೆಯಬೇಕು.

ಹಾಗಾದರೆ ನರ್ಸಮ್ಮನಿಗೆ ಏನು ಕೆಲಸ? ನನಗೆ ತುಂಬ ಹಿಡಿಸಿದ್ದು ಇದೇ. ‘ಇದು ತಿನ್ನು, ಅದು ಬಿಡು’ ಎಂದು ಅವರು ಉಪದೇಶ ಮಾಡುವ ಹಾಗಿಲ್ಲ. ಅವರಿಗೆ ಕಲಿಸಿದ್ದು ನಾಲ್ಕೇ ಕೆಲಸ. ಮಾಡಿದ್ದಕ್ಕೆ ‘ಭೇಷ್’ ಅನ್ನುವುದು. ಹೇಗೆ ನಡೆಯುತ್ತಿದೆ ಎಂದು ಕೇಳುವುದು. ತಪ್ಪಿದರೆ ಪರವಾಗಿಲ್ಲ ಎಂದು ಸಮಾಧಾನ ಹೇಳುವುದು. ಮುಂದುವರಿಸಿ ಎಂದು ಹುರಿದುಂಬಿಸುವುದು.

2013-14ರಲ್ಲಿ 56 ಚಿಕಿತ್ಸಾಲಯಗಳಿಂದ 818 ಜನ ವಯಸ್ಕರು ಇದಕ್ಕೆ ಸೇರಿದರು. ಸರಾಸರಿ ತೂಕ ಸುಮಾರು 104 ಕಿಲೋ. ಅವರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಕಂಪ್ಯೂಟರಿನಲ್ಲಿ ಒಂದಿಷ್ಟು ಸಲಹೆ, ಆರು ತಿಂಗಳಿಗೊಮ್ಮೆ ನರ್ಸ್ ಭೇಟಿ, ಅಷ್ಟೇ. ಎರಡನೆಯದಕ್ಕೆ ಪವರ್ ಪ್ಲಸ್ ಪಾಠ, ಜೊತೆಗೆ ನರ್ಸಮ್ಮನನ್ನು ಹೆಚ್ಚೆಂದರೆ ಏಳು ಸಲ ಎದುರಾಎದುರು ಕಾಣುವುದು. ಮೂರನೆಯದಕ್ಕೂ ಅದೇ ಪಾಠ, ಆದರೆ ನರ್ಸಮ್ಮನಿಂದ ಹೆಚ್ಚೆಂದರೆ ಐದು ಸಲ ಫೋನ್ ಅಥವಾ ಇಮೇಲ್.

ಒಂದು ವರ್ಷ ಕಳೆಯಿತು. ನೂರಕ್ಕೆ ಐದು ಪಾಲಿಗಿಂತ ಕಡಿಮೆಯಿಲ್ಲದಷ್ಟು ತೂಕ ಇಳಿದವರು ಎಷ್ಟು ಜನ ಎಂದು ಲೆಕ್ಕ ಹಾಕಿದರು. (104 ಕಿಲೋದಲ್ಲಿ ನೂರಕ್ಕೆ ಐದು ಎಂದರೆ ಎಷ್ಟು, ಮಕ್ಕಳೇ? 5.2 ಕಿಲೋ, ಸರಿ.) ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 21 ಜನ. ಎರಡನೆಯದರಲ್ಲಿ 29. ಮೂರನೆಯದರಲ್ಲಿ 32. ಅಂದರೆ ಎದುರಿಗೆ ಬಂದು ಕೂತ ನರ್ಸಮ್ಮನಷ್ಟೇ ಕೆಲಸ ಫೋನಿನ ನರ್ಸಮ್ಮನಿಂದಲೂ ಆಯಿತು. 2016ರಲ್ಲಿ ಇದು ಪ್ರಕಟವಾಯಿತು.

ಇದೇನು ಮಾಯಾಮಂತ್ರವಲ್ಲ. ಪವರ್ ಪ್ಲಸ್ ಸೇರಿದ ನೂರು ಜನರಲ್ಲಿ ಸುಮಾರು 70 ಜನಕ್ಕೆ ಅಷ್ಟು ತೂಕ ಇಳಿಯಲಿಲ್ಲ. ತೂಕ ಇಳಿಸುವುದು ಕಷ್ಟ, ಅದಕ್ಕೇ ಜೊತೆಗೊಬ್ಬರು ಬೇಕು. ಬೈದರೆ ಏನಾಗುತ್ತದೆ ಎಂಬುದನ್ನು ಆ ಪ್ರಯೋಗದಲ್ಲಿ ಅಳೆಯಲಿಲ್ಲ. ಅದನ್ನು ನಾನು ಮದುವೆಮನೆಯಲ್ಲೇ ಅಳೆದಾಗಿತ್ತು.

ಇಷ್ಟೆಲ್ಲ ಓದಿದ ಮೇಲೆ ಮೊಮ್ಮಗಳ ಜೊತೆ ನನ್ನದೇ ಲೆಕ್ಕಕ್ಕೆ ಕೂತೆ. ನಿಮ್ಮ ಅಜ್ಜ-ಅಜ್ಜಿಯರಿಗೂ ನೀವು ಮಾಡಿಕೊಡಬಹುದು. ಎತ್ತರವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ. ನನ್ನ ಎತ್ತರ 1.6 ಮೀಟರ್, ಗುಣಿಸಿದರೆ 2.56. ತೂಕ 80 ಕಿಲೋ. 80ನ್ನು 2.56ರಿಂದ ಭಾಗಿಸಿದರೆ 31.25. ಇದಕ್ಕೆ ಬಿಎಂಐ ಎನ್ನುತ್ತಾರೆ. 30 ದಾಟಿದರೆ ಬೊಜ್ಜು ಎಂದು ಲೆಕ್ಕ. ನಮ್ಮ ಕಡೆಯ ಮೂಲದವರಿಗೆ ಇಂಗ್ಲೆಂಡಿನ ವೈದ್ಯರೇ 27.5ಕ್ಕೆ ಗೆರೆ ಎಳೆಯುತ್ತಾರೆ, ಏಕೆಂದರೆ ನಮಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಗಂಟು ಬೀಳುತ್ತದೆ. ಎರಡು ಗೆರೆಯನ್ನೂ ದಾಟಿ ನಿಂತಿದ್ದೆ ನಾನು!

ಮೊದಲು ಡಾಕ್ಟರ ಹತ್ತಿರ ಹೋಗಿ ಬಂದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಹಿರಿಯರು ಕೇಳದೆ ಊಟ ಕಡಿಮೆ ಮಾಡಬಾರದು, ರಕ್ತದ ಸಕ್ಕರೆ ತೀರ ಇಳಿದು ತಲೆ ಸುತ್ತಿ ಬಿದ್ದಾರು. ಮಕ್ಕಳೇ, ನಿಮಗೂ ಒಂದು ಮಾತು. ಈ ಲೆಕ್ಕ, ಈ ಗೆರೆ ಎಲ್ಲ ದೊಡ್ಡವರಿಗೆ. ನೀವು ಬೆಳೆಯುವವರು, ನಿಮ್ಮ ಲೆಕ್ಕವೇ ಬೇರೆ. ಯಾರೋ ‘ಡುಮ್ಮ’ ಅಂದರೆಂದು ಊಟ ಬಿಡಬೇಡಿ. ನೀವೂ ಯಾರನ್ನೂ ಹಾಗೆ ಕರೆಯಬೇಡಿ.

ಈಗ ನಮ್ಮ ಮನೆಯಲ್ಲಿ ಪಾಸ್‌ಬುಕ್ಕಿನಂಥ ಒಂದು ಪುಟ್ಟ ಪುಸ್ತಕವಿದೆ. ಭಾನುವಾರ ಬೆಳಿಗ್ಗೆ ಕಾಫಿಗೆ ಮೊದಲು ನಾನು ತೂಕದ ಮೇಲೆ ನಿಲ್ಲುತ್ತೇನೆ, ಮೊಮ್ಮಗಳು ಬರೆಯುತ್ತಾಳೆ. ಅವಳಿಗೂ ಆ ನಾಲ್ಕೇ ಕೆಲಸ. ಮೊದಲ ವಾರ 80. ಎರಡನೆಯ ವಾರ 79.4. ‘ಭೇಷ್ ತಾತ!’ ಮೂರನೆಯ ವಾರ ಮತ್ತೆ 80. ಮನೆಗೆ ಬಂದ ಮೈಸೂರು ಪಾಕಿನ ಡಬ್ಬಿಯ ಮೇಲೆ ತಪ್ಪು ಹೊರಿಸಿ, ಅರ್ಧ ಕಿಲೋ ಕಡಿಮೆ ಬರಿ ಎಂದು ಪುಸಲಾಯಿಸಿದೆ. ಅವಳು ಒಪ್ಪಲಿಲ್ಲ, ಬೈಯಲೂ ಇಲ್ಲ. ಇದ್ದದ್ದನ್ನೇ ಬರೆದು ಪುಸ್ತಕ ಮುಚ್ಚಿದಳು.

‘ಪರವಾಗಿಲ್ಲ ತಾತ. ಬಾ, ಪಾರ್ಕಿಗೆ ಹೋಗೋಣ.’